ರಾತ್ರಿಯ ಊಟ, ಬೆಳಗಿನ ಜಾವದ ಕನಸು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)



ಮಲಗುವ ಮುಂಚೆ ನಾವು ತಿಂದದ್ದಕ್ಕೂ ಆಮೇಲೆ ಬೀಳುವ ಕನಸಿಗೂ ಸಂಬಂಧ ಇದೆಯೇ? ಈ ವಿಷಯ ಕೇಳಿ ಕೆಲವರು ನಗಬಹುದು. ಆದರೆ 2023, 2024, 2025 ಮೂರೂ ವರ್ಷ ಎಸ್ಸೆಸ್ಸೆಲ್ಸಿ ಪರೀಕ್ಷೆ ಆರಂಭವಾದದ್ದು ರಮಝಾನ್ ಉಪವಾಸದ ದಿನಗಳಲ್ಲೇ ಎಂಬುದನ್ನು ನೆನಪಿಗೆ ತಂದುಕೊಳ್ಳಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಶಾಲೆಗಳಲ್ಲಿ ಪಾಠ ಮಾಡುವ ನಮಗೆಲ್ಲ ಪರಿಚಿತವಾದ ಒಂದು ಮಾತಿದೆ. "ಸಾರ್, ಬೆಳಗಿನ ಜಾವ ಕೆಟ್ಟ ಕನಸು ಬಿತ್ತು. ಹಾಲ್ ಟಿಕೆಟ್ ಕಳೆದುಹೋಗಿತ್ತು. ಅಮ್ಮಿ ಇವತ್ತು ಹೋಗಲೇಬೇಡ ಅಂತಿದ್ದಾರೆ." ಹೀಗೆ ಹೇಳುವ ಮಗು, ಅದರಲ್ಲೂ ಹೆಣ್ಣುಮಗು, ಒಂದು ಪತ್ರಿಕೆ ತಪ್ಪಿಸಿಕೊಂಡರೆ ಮುಂದಿನ ಓದೇ ನಿಂತುಹೋಗುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಆದ್ದರಿಂದ ಈ ವಿಷಯ ಎತ್ತಿಕೊಂಡೆ.

ಕನಸನ್ನು ಗಂಭೀರವಾಗಿ ತೆಗೆದುಕೊಳ್ಳುವ ಪರಂಪರೆ ನಮ್ಮದು. ಹಝ್ರತ್ ಯೂಸುಫ್(ಅ)ರ ಕಥೆಯಲ್ಲಿ ಕನಸಿಗಿರುವ ಸ್ಥಾನ ನಿಮಗೆ ಗೊತ್ತು. ಬಸ್ರಾದ ಇಬ್ನ್ ಸೀರೀನ್ ಅವರ ಹೆಸರು ಇಂದಿಗೂ ತಾಬೀರ್‌ಗೆ ಪ್ರಸಿದ್ಧ. ಅಷ್ಟು ದೂರ ಹೋಗುವುದೂ ಬೇಡ. ಹೈದರಾಲಿ 1761ರಲ್ಲಿ ನಮ್ಮ ಶಿರಾವನ್ನು ವಶಪಡಿಸಿಕೊಂಡನಷ್ಟೆ? ಅವನ ಮಗ ಟಿಪ್ಪು ತನ್ನ 37 ಕನಸುಗಳನ್ನು ಸ್ವಂತ ಕೈಬರಹದಲ್ಲಿ, ಪಾರ್ಸಿ ಭಾಷೆಯಲ್ಲಿ ಬರೆದಿಟ್ಟಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವನ ಅರಮನೆಯಲ್ಲಿ ಸಿಕ್ಕಿದ ಆ 'ಖ್ವಾಬ್‌ನಾಮಾ' ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. ಗಿರೀಶ್ ಕಾರ್ನಾಡರು ಅದನ್ನೇ ಆಧಾರವಾಗಿಟ್ಟುಕೊಂಡು ನಾಟಕ ಬರೆದರು. ಅದರಲ್ಲಿ ತಿನಿಸಿನ ಕನಸೂ ಇದೆ, ತಟ್ಟೆಗಳ ತುಂಬ ತಾಜಾ ಖರ್ಜೂರ! ಯುದ್ಧ, ಶತ್ರು, ರಾಜ್ಯ ಇವೇ ಹಗಲೆಲ್ಲ ತಲೆಯಲ್ಲಿದ್ದ ದೊರೆ, ಖರ್ಜೂರದ ಕನಸಿಗೂ ಶತ್ರುಗಳ ರಾಜ್ಯ ತನ್ನ ಕೈಸೇರುತ್ತದೆಂದೇ ಅರ್ಥ ಹೇಳಿಕೊಂಡ. ಪರೀಕ್ಷೆಯೇ ತಲೆಯಲ್ಲಿರುವ ಹುಡುಗಿಗೆ ಹಾಲ್ ಟಿಕೆಟ್ಟಿನ ಕನಸು ಬೀಳುವುದರಲ್ಲಿ ಆಶ್ಚರ್ಯವೇನು?

ಪಾರ್ಸಿಯಲ್ಲಿ 'ಖ್ವಾಬ್' ಎಂದರೆ ಕನಸೂ ಹೌದು, ನಿದ್ದೆಯೂ ಹೌದು. ಉರ್ದುವಿನಲ್ಲಿ ಮಲಗುವ ಕೋಣೆಗೆ 'ಖ್ವಾಬ್‌ಗಾಹ್' ಎನ್ನುವುದು ಅದರಿಂದಲೇ. ಎರಡೂ ಪಾಠ ಹೇಳುವ ನನಗೆ ಕನ್ನಡದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಇರುವುದೂ ಇಷ್ಟ, ಪಾರ್ಸಿಯಲ್ಲಿ ಒಂದೇ ಇರುವುದೂ ಇಷ್ಟ. ಏಕೆಂದರೆ ಕನಸಿನ ವಿಷಯ ಕೊನೆಗೆ ನಿದ್ದೆಯ ವಿಷಯವೇ.

1953ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ವಿಜ್ಞಾನಿಗಳು, ನಿದ್ದೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಚುರುಕಾಗಿ ಓಡಾಡುವುದನ್ನು ಪ್ರಕಟಿಸಿದರು. ಸ್ಪಷ್ಟವಾದ ಕನಸುಗಳು ಹೆಚ್ಚಾಗಿ ಬೀಳುವುದು ಆ ಹಂತದಲ್ಲಿ. ಸುಮಾರು ಒಂದೂವರೆ ಗಂಟೆಗೊಮ್ಮೆ ಅದು ಮರಳಿ ಬರುತ್ತದೆ, ರಾತ್ರಿ ಕಳೆದಂತೆ ದೀರ್ಘವಾಗುತ್ತದೆ. ಆ ಹಂತದ ನಡುವೆ ಎಚ್ಚರವಾದರೆ ಕನಸು ನೆನಪಿರುತ್ತದೆ. ಎಚ್ಚರವಾಗದಿದ್ದರೆ ಸಾಮಾನ್ಯವಾಗಿ ಮರೆತೇಹೋಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ನಂಬಿಕೆ ಎಲ್ಲಿಂದ ಬಂದಿರಬಹುದೆಂದು ಇದರಿಂದ ಊಹಿಸಬಹುದು. ಆ ಹೊತ್ತಿನಲ್ಲಿ ಕನಸು ಹೆಚ್ಚು, ನೆನಪೂ ಹೆಚ್ಚು. ಅದೇ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲವಾಗಿರುತ್ತವೆ. ಮನಸ್ಸು ಎಚ್ಚರಗೊಂಡು ದೇಹ ಇನ್ನೂ ಏಳದಿದ್ದರೆ ಎದೆಯ ಮೇಲೆ ಯಾರೋ ಕೂತಂತೆ ಅನಿಸುತ್ತದೆ. ಇದಕ್ಕೆ ತಾವೀಜ್ ಕಟ್ಟಿಸಲು ಊರೂರು ಅಲೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ.

ಈಗ ಊಟಕ್ಕೆ ಬರೋಣ. ಇಂಥದ್ದು ತಿಂದರೆ ಇಂಥ ಕನಸು ಎಂಬ ಲೆಕ್ಕ ಯಾರೂ ಸಾಧಿಸಿ ತೋರಿಸಿಲ್ಲ. 2005ರಲ್ಲಿ ಬ್ರಿಟನ್ನಿನ ಗಿಣ್ಣು ಮಾರಾಟಗಾರರ ಮಂಡಳಿಯೊಂದು ಇನ್ನೂರು ಜನರಿಗೆ ಮಲಗುವ ಮುನ್ನ 20 ಗ್ರಾಂ ಚೀಸ್ ಕೊಟ್ಟು, ಒಂದೊಂದು ಬಗೆಗೆ ಒಂದೊಂದು ಬಗೆಯ ಕನಸು ಎಂದು ಸಾರಿತು. ಚೀಸ್ ತಿನ್ನದವರ ಜೊತೆ ಹೋಲಿಸಲೇ ಇಲ್ಲ! ಅದನ್ನು ಜಾಹೀರಾತು ಎನ್ನಬೇಕು. ಕೆನಡಾದಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಪ್ರಶ್ನಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕಿಂತ ಮೇಲು. ಆಹಾರದಿಂದ ನಿದ್ದೆ ಬದಲಾಗುತ್ತದೆ ಎಂದವರು ಸುಮಾರು ನೂರಕ್ಕೆ 40. ಕನಸು ಬದಲಾಗುತ್ತದೆ ಎಂದವರು ನೂರಕ್ಕೆ 6ರೊಳಗೆ. ಹಾಲಿನ ಸಕ್ಕರೆ ಅರಗದೆ ಹೊಟ್ಟೆ ಕೆಡುವವರಲ್ಲಿ ದುಃಸ್ವಪ್ನ ಹೆಚ್ಚು ಕಂಡುಬಂತು. ಅದೂ ಅವರವರೇ ಹೇಳಿಕೊಂಡದ್ದು ಎಂಬುದು ನೆನಪಿರಲಿ.

ನನಗೆ ಒಪ್ಪಿಗೆಯಾಗುವುದು ಈ ದಾರಿ: ಹೊಟ್ಟೆ ನಿದ್ದೆ ಕೆಡಿಸುತ್ತದೆ, ಕೆಟ್ಟ ನಿದ್ದೆಯಲ್ಲಿ ಕನಸು ನೆನಪಿಗೆ ಉಳಿಯುತ್ತದೆ. ದಕ್ಷಿಣದ ನಮ್ಮಲ್ಲಿ ದೊಡ್ಡವರಾದ ಮೇಲೆ ಹಾಲು ಸರಿಯಾಗಿ ಅರಗದವರು ಬಹಳ ಮಂದಿ. ಅವರಿಗೆ ಮಲಗುವಾಗ ದೊಡ್ಡ ಲೋಟ ಹಾಲು ಕೊಟ್ಟರೆ ಹೊಟ್ಟೆ ಉಬ್ಬರಿಸುತ್ತದೆ. ಮೊಸರಿನಲ್ಲಿ ಆ ಸಕ್ಕರೆ ಕಡಿಮೆಯಾಗಿರುವುದರಿಂದ ಅಷ್ಟು ತೊಂದರೆಯಿಲ್ಲ. ಮದುವೆ ಮನೆಯ ಬಿರಿಯಾನಿ ಹನ್ನೊಂದು ಗಂಟೆಗೆ ಉಂಡು ಹಾಗೇ ಒರಗಿದರೆ ಹುಳಿ ಗಂಟಲಿಗೆ ಬರುತ್ತದೆ. ಹುರುಳಿ ಸಾರು, ಮುದ್ದೆ ಎಂಟು ಗಂಟೆಗೆ ಉಂಡ ರೈತನಿಗೆ ಏನೂ ಆಗುವುದಿಲ್ಲ. ಅದೇ ಊಟ ಹನ್ನೆರಡಕ್ಕೆ ಉಂಡರೆ ಹೊರಳಾಟ. ಸಾರು ಎರಡೂ ಕಡೆ ಒಂದೇ, ಹೊತ್ತು ಬೇರೆ.

ರಮಝಾನ್‌ನಲ್ಲಿ ನಮ್ಮ ಮಕ್ಕಳ ರಾತ್ರಿ ಹೇಗಿರುತ್ತದೆ ನೋಡಿ. ಇಫ್ತಾರ್‌ಗೆ ಸಮೋಸ, ಪಕೋಡ, ಗಂಜಿ. ತರಾವೀಹ್ ಮುಗಿಸಿ ಹತ್ತಕ್ಕೆ ಊಟ, ಮೇಲೆ ಓದಲೆಂದು ಎರಡು ಲೋಟ ಚಹಾ. ಚಹಾದ ಕೆಫೀನ್ ಅರ್ಧ ಇಳಿಯಲು ಸುಮಾರು ಐದು ಗಂಟೆ ಬೇಕು. ಹನ್ನೆರಡಕ್ಕೆ ಮಲಗಿ ನಾಲ್ಕಕ್ಕೆ ಸಹರಿಗೆ ಎದ್ದು, ಫಜ್ರ್ ಆದ ಮೇಲೆ ತುಂಬಿದ ಹೊಟ್ಟೆಯಲ್ಲಿ ಮತ್ತೆ ಮಲಗುತ್ತಾರೆ. ಕನಸಿನ ಹಂತ ದಟ್ಟವಾಗಿರುವ ಹೊತ್ತು ಅದೇ. ಅಲಾರಂ ಹೊಡೆದಾಗ ನಡುವೆಯೇ ಎಚ್ಚರ. ಹಾಲ್ ಟಿಕೆಟ್ ಕಳೆದ ಕನಸು ಮರೆಯುವುದಾದರೂ ಹೇಗೆ?

ತಾಯಂದಿರೇ, ಕನಸಿನಲ್ಲಿ ಮೂರು ಬಗೆ ಎಂದು ಹದೀಸ್‌ನಲ್ಲಿದೆ. ಅಲ್ಲಾಹನಿಂದ ಬರುವ ಶುಭವಾರ್ತೆ, ಸೈತಾನನ ಹೆದರಿಕೆ, ಮತ್ತು ಮನುಷ್ಯನ ಸ್ವಂತ ಯೋಚನೆ. ಕೆಟ್ಟ ಕನಸು ಕಂಡವರು ಅಲ್ಲಾಹನ ಆಶ್ರಯ ಬೇಡಿ, ಮಗ್ಗುಲು ಬದಲಿಸಿ, ಅದನ್ನು ಯಾರಿಗೂ ಹೇಳದಿರಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಹಾಗಿರುವಾಗ ಅದನ್ನು ಓಣಿಗೆಲ್ಲ ಹೇಳಿ ಮಗಳ ಪರೀಕ್ಷೆ ತಪ್ಪಿಸುವುದಕ್ಕೆ ದೀನಿನಲ್ಲಿ ಯಾವ ಆಧಾರವಿದೆ? ತರಾವೀಹ್‌ನ ನಂತರ ಊಟ ಹಗುರವಾಗಿರಲಿ, ಚಹಾ ಇಫ್ತಾರ್‌ಗೇ ಮುಗಿಯಲಿ, ಸಹರಿ ಆದ ಮೇಲೆ ಮಲಗುವ ಬದಲು ಆ ಒಂದು ಗಂಟೆ ಓದಿ, ಬೇಕಾದರೆ ಮಧ್ಯಾಹ್ನ ಪರೀಕ್ಷೆ ಮುಗಿಸಿ ಬಂದು ಮಲಗಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ನಲವತ್ತು ಪುಟದ ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಊಟ ಮಾಡಿದ ಗಂಟೆ, ತಿಂದದ್ದು, ಮಲಗಿದ ಗಂಟೆ, ಎಷ್ಟು ಸಲ ಎಚ್ಚರವಾಯಿತು, ಇಷ್ಟನ್ನು ಬರೆಯಿರಿ. ಕನಸು ನೆನಪಿದ್ದರೆ ಒಂದು ಗುರುತು ಹಾಕಿದರೆ ಸಾಕು, ವಿವರ ಬೇಡ, ಅದು ನಿಮ್ಮದೇ. ಒಂದು ತಿಂಗಳಾದ ಮೇಲೆ ತನ್ನಿ. ನಾಲ್ಕೂ ತಾಲ್ಲೂಕಿನ ನೋಟ್‌ಬುಕ್‌ಗಳನ್ನು ಒಟ್ಟಿಗಿಟ್ಟು ಲೆಕ್ಕ ಹಾಕೋಣ. ಹಾಸ್ಟೆಲ್ಲಿನ ಮಕ್ಕಳು ಎಲ್ಲರೂ ಒಂದೇ ಊಟ ಉಣ್ಣುವುದರಿಂದ ಅವರ ಲೆಕ್ಕ ಬೇರೆಯಾಗಿಯೇ ಇರಲಿ.