ಲಿಂಕ್ ಹಂಚಿ ದುಡಿಯೋದು: ಶುರು ಮಾಡುವ ಮುಂಚೆ ಗೊತ್ತಿರಬೇಕಾದ್ದು

(ಸಂಘದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



"ಸಂಬಳದ ಜೊತೆಗೆ ಇನ್ನೊಂದು ಆದಾಯ" ಅನ್ನೋ ವಿಷಯದ ಮೇಲೆ ಮಾತಾಡಿ ಅಂತ ಕಾರ್ಯದರ್ಶಿಗಳು ಹೇಳಿದರು. ಊರಿಗೆ ವಾಪಸ್ ಹೋದ ಮೇಲೆ ಏನು ಮಾಡೋದು ಅನ್ನೋ ಚಿಂತೆ ಇಲ್ಲಿ ಯಾರಿಗಿಲ್ಲ ಹೇಳಿ? ಅದಕ್ಕೇ ಈಗ ಎಲ್ಲರ ಬಾಯಲ್ಲೂ ಇರೋ ಅಫಿಲಿಯೇಟ್ ಮಾರ್ಕೆಟಿಂಗ್ ಬಗ್ಗೆ ನಾಲ್ಕು ಮಾತು ಹೇಳ್ತೀನಿ.

ಮೊದಲು, ಅದು ಏನು? ನಮ್ಮೂರಲ್ಲಿ ದಲ್ಲಾಳಿ ಇದ್ದಾನಲ್ಲ, ಅದೇ ಕೆಲಸ. ಮಾಲು ನಿಮ್ಮದಲ್ಲ, ಅಂಗಡಿ ನಿಮ್ಮದಲ್ಲ. ಗಿರಾಕಿಯನ್ನು ಅಂಗಡಿಗೆ ಕರೆತಂದಿದ್ದಕ್ಕೆ ಕಮಿಷನ್. ಅಮೆಜಾನ್ ಕಂಪನಿ 1996ರಲ್ಲೇ ಇದನ್ನು ಶುರು ಮಾಡಿತು. ಹೆಸರು ನೋಂದಾಯಿಸಿದರೆ ನಿಮಗೆ ಒಂದು ಗುರುತು ಸಂಖ್ಯೆ ಸೇರಿಸಿದ ಲಿಂಕ್ ಸಿಗುತ್ತೆ. ಅದನ್ನು ಒತ್ತಿ ಒಳಗೆ ಹೋದವರು ಸಾಮಾನ್ಯವಾಗಿ 24 ಗಂಟೆಯೊಳಗೆ ಕೊಂಡರೆ ಮಾತ್ರ ಅದು ನಿಮ್ಮ ಲೆಕ್ಕಕ್ಕೆ. ಮಾಲು ವಾಪಸ್ ಬಂದರೆ ಕಮಿಷನ್ನೂ ವಾಪಸ್. ನಿಮ್ಮ ಲಿಂಕಿನಿಂದ ನೀವೇ ಕೊಂಡರೆ ಏನೂ ಇಲ್ಲ. ಖಾತೆ ತೆರೆದು 180 ದಿನದೊಳಗೆ ಕನಿಷ್ಠ 3 ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತಾರೆ.

ಈಗ ಲೆಕ್ಕ ನೋಡೋಣ. ಒಂದು ಸಾವಿರ ರೂಪಾಯಿಯ ಸಾಮಾನು, ಕಮಿಷನ್ ಶೇ. 5 ಅಂತ ಇಟ್ಟುಕೊಳ್ಳಿ. ಒಂದು ಮಾರಾಟಕ್ಕೆ 50 ರೂಪಾಯಿ. ನೂರು ಜನ ಒತ್ತಿದರೆ ಇಬ್ಬರು ಕೊಳ್ಳುತ್ತಾರೆ ಅಂದುಕೊಂಡರೂ ನೂರು ರೂಪಾಯಿ ಆಯ್ತು. ತಿಂಗಳಿಗೆ ಐದು ಸಾವಿರ ಬೇಕಾದರೆ ಐದು ಸಾವಿರ ಸಲ ಜನ ಒತ್ತಬೇಕು. ನಿಮ್ಮ ವಾಟ್ಸಾಪ್‌ನಲ್ಲಿ ಇರೋ ನೆಂಟರು, ಸ್ನೇಹಿತರು ಎಷ್ಟು? ಇನ್ನೂರು? ಮುನ್ನೂರು? ಅವರಿಗೆ ದಿನಾ ಲಿಂಕ್ ಕಳಿಸಿದರೆ ವಾರದಲ್ಲಿ ನಿಮ್ಮನ್ನು ಬ್ಲಾಕ್ ಮಾಡ್ತಾರೆ, ಅಷ್ಟೇ. "ಮೂರು ತಿಂಗಳಲ್ಲಿ ಲಕ್ಷ" ಅನ್ನೋರು ಈ ಲೆಕ್ಕವನ್ನು ಹೇಳೋದಿಲ್ಲ. ಎಷ್ಟೋ ಸಲ ಅವರ ಆದಾಯ ಬರೋದು ಲಿಂಕಿನಿಂದ ಅಲ್ಲ, ನಿಮಗೆ ಮಾರುವ ಕೋರ್ಸಿನಿಂದ.

ಇನ್ನು ಮುಖ್ಯ ವಿಷಯಕ್ಕೆ ಬರ್ತೀನಿ. ದಯವಿಟ್ಟು ಸ್ವಲ್ಪ ಗಮನ ಕೊಡಿ. ನಾವಿರೋದು ಸೌದಿಯಲ್ಲಿ, ಕೈಯಲ್ಲಿರೋದು ಇಕಾಮಾ. ಇಲ್ಲಿನ ಕಾರ್ಮಿಕ ಕಾನೂನಿನ 39ನೇ ಕಲಂ ಪ್ರಕಾರ ಕೆಲಸಕ್ಕೆ ಬಂದವರು ಸ್ವಂತ ಲೆಕ್ಕದಲ್ಲಿ ದುಡಿಯುವ ಹಾಗಿಲ್ಲ. ಸಿಕ್ಕಿಬಿದ್ದರೆ 50,000 ರಿಯಾಲ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು, ಆಮೇಲೆ ಗಡೀಪಾರು ಅಂತ ಜವಾಜಾತ್‌ನವರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಸೋಶಿಯಲ್ ಮೀಡಿಯಾದಲ್ಲಿ ದುಡ್ಡಿಗೆ ಜಾಹೀರಾತು ಮಾಡೋದಕ್ಕೆ 2022ರ ಅಕ್ಟೋಬರ್‌ನಿಂದ "ಮೌಸೂಕ್" ಅನ್ನೋ ಪರವಾನಗಿ ಬೇಕು. ಆಗ ಇಟ್ಟ ಶುಲ್ಕ ಮೂರು ವರ್ಷಕ್ಕೆ 15,000 ರಿಯಾಲ್. ಪರವಾನಗಿ ಇಲ್ಲದ ವಿದೇಶಿಯರು ಜಾಹೀರಾತು ಮಾಡಬಾರದು ಅಂತ ಅದೇ ವರ್ಷ ಸ್ಪಷ್ಟವಾಗಿ ಪ್ರಕಟಿಸಿದರು. "ಸೌದಿ ಸ್ನೇಹಿತನ ಹೆಸರಲ್ಲಿ ಮಾಡ್ತೀನಿ" ಅಂದರೆ ಅದು ತಸತ್ತುರ್. 2020ರ ಕಾನೂನಿನಲ್ಲಿ ಅದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ.

ಅಮೆಜಾನ್‌ನ ಸೌದಿ ಅಂಗಡಿ, ನೂನ್, ಇವೆರಡಕ್ಕೂ ಇಲ್ಲಿ ಒಳ್ಳೆ ವ್ಯಾಪಾರ ಇದೆ ನಿಜ. ಆದರೆ ಫಾರ್ಮ್ ತುಂಬೋಕೆ ಬಿಟ್ಟರು ಅಂದಮಾತ್ರಕ್ಕೆ ಇಕಾಮಾ ಅನುಮತಿ ಕೊಟ್ಟಿತು ಅಂತಲ್ಲ. ತಿಂಗಳಿಗೆ ಇನ್ನೂರು ರಿಯಾಲ್ ಆಸೆಗೆ ಹತ್ತು ವರ್ಷದ ಕೆಲಸ, ಮಕ್ಕಳ ಶಾಲೆ, ಊರಿನ ಮನೆ ಸಾಲದ ಕಂತು ಎಲ್ಲವನ್ನೂ ಪಣಕ್ಕಿಡೋದು ಲಾಭದ ವ್ಯಾಪಾರ ಅಲ್ಲ. ಸಂಶಯ ಇದ್ದರೆ ಇಲ್ಲಿನ ಕಾನೂನು ಬಲ್ಲ ವಕೀಲರನ್ನು ಕೇಳಿ, ಯೂಟ್ಯೂಬ್‌ನವರನ್ನಲ್ಲ.

ಹಾಗಾದರೆ ದಾರಿ ಇಲ್ಲವೇ? ಇದೆ. ಊರಲ್ಲಿ ಇದೆ. ಮನೆಯಲ್ಲಿ ಓದಿದ ಹೆಂಡತಿ, ತಂಗಿ, ಡಿಗ್ರಿ ಮುಗಿಸಿದ ಮಗ ಇದ್ದರೆ ಅವರು ತಮ್ಮ ಹೆಸರಲ್ಲಿ, ತಮ್ಮ ಪ್ಯಾನ್ ಕಾರ್ಡಿನಲ್ಲಿ, ತಮ್ಮ ಬ್ಯಾಂಕ್ ಖಾತೆಯಲ್ಲಿ ಶುರು ಮಾಡಲಿ. ಕೆಲಸವೂ ಅವರದೇ, ಆದಾಯವೂ ಅವರದೇ ಆಗಿರಲಿ.

ಏನು ಮಾಡಬೇಕು? ತಮಗೆ ಕೈಯಾರೆ ಗೊತ್ತಿರುವ ಒಂದೇ ಒಂದು ವಿಷಯ ಹಿಡಿಯಲಿ. ಪುತ್ತೂರು, ಸುಳ್ಯ, ಕಾಸರಗೋಡು ಕಡೆ ಅಡಿಕೆ ತೋಟ ಇದೆಯಾ? ಕಾರ್ಬನ್ ಫೈಬರ್ ದೋಟಿ, ಕಳೆ ಕೊಚ್ಚುವ ಯಂತ್ರ, ಔಷಧಿ ಹೊಡೆಯುವ ಪಂಪು, ಇವು ಹೇಗಿವೆ, ಎಲ್ಲಿ ಕೈಕೊಡುತ್ತವೆ, ರಿಪೇರಿ ಎಲ್ಲಿ ಸಿಗುತ್ತೆ ಅಂತ ತೋಟದಲ್ಲೇ ನಿಂತು ಕನ್ನಡದಲ್ಲಿ ತೋರಿಸಲಿ. ಅಡುಗೆ ಬಲ್ಲವರು ದೋಸೆ ಹಿಟ್ಟಿಗೆ ಯಾವ ಗ್ರೈಂಡರ್ ಆಗುತ್ತೆ ಅಂತ ಹೇಳಲಿ. ಇಂಗ್ಲಿಷ್, ಹಿಂದಿಯಲ್ಲಿ ಇಂಥವು ರಾಶಿ ಇವೆ. ನಮ್ಮ ಮಾತಲ್ಲಿ, ನಮ್ಮ ಕೆಲಸಕ್ಕೆ ತಕ್ಕ ಹಾಗೆ ಹೇಳುವವರಿಗೆ ಇನ್ನೂ ಜಾಗ ಇದೆ. ಚೆನ್ನಾಗಿಲ್ಲದ್ದನ್ನು ಚೆನ್ನಾಗಿಲ್ಲ ಅಂತಲೇ ಹೇಳಬೇಕು. ಒಮ್ಮೆ ನಂಬಿಕೆ ಹೋದರೆ ಲಿಂಕ್ ಒತ್ತೋರು ಯಾರೂ ಇರೋದಿಲ್ಲ.

"ಈ ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತೆ" ಅಂತ ನೋಡುವವರಿಗೆ ಕಾಣುವ ಹಾಗೆ ಹಾಕಬೇಕು. ಭಾರತದಲ್ಲಿ ಜಾಹೀರಾತು ಮಂಡಳಿಯ 2021ರ ಮಾರ್ಗಸೂಚಿ, ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2022ರ ಮಾರ್ಗಸೂಚಿ ಎರಡೂ ಇದನ್ನೇ ಹೇಳುತ್ತವೆ. ಕಮಿಷನ್ ಅಂದರೆ ಆದಾಯ, ತೆರಿಗೆ ಲೆಕ್ಕಕ್ಕೆ ಬರುತ್ತೆ. ಅದರ ಮೇಲಿನ ಟಿಡಿಎಸ್ 2024ರ ಅಕ್ಟೋಬರ್‌ನಿಂದ ಶೇ. 5ರಿಂದ 2ಕ್ಕೆ ಇಳಿದಿದೆ. ಪ್ಯಾನ್ ಕೊಡದಿದ್ದರೆ ಶೇ. 20 ಹಿಡಿಯಬಹುದು. ಮೊದಲ ಆರು ತಿಂಗಳು ಏನೂ ಬರೋದಿಲ್ಲ ಅಂತಲೇ ಮನಸ್ಸು ಗಟ್ಟಿ ಮಾಡಿಕೊಂಡು ಇಳಿಯಲಿ.

ಕೊನೆಗೆ ಒಂದು ಎಚ್ಚರಿಕೆ. ಟೆಲಿಗ್ರಾಂನಲ್ಲಿ "ವಿಡಿಯೋಗೆ ಲೈಕ್ ಒತ್ತಿ, ದಿನಕ್ಕೆ ಸಾವಿರ ಗಳಿಸಿ" ಅಂತ ಬರುತ್ತಲ್ಲ, ಅದಕ್ಕೂ ಅಫಿಲಿಯೇಟ್ ಅಂತಲೇ ಹೆಸರಿಡ್ತಾರೆ. ಮೊದಲು ನೂರಿನ್ನೂರು ಕೊಡ್ತಾರೆ, ಆಮೇಲೆ "ದೊಡ್ಡ ಟಾಸ್ಕ್‌ಗೆ ಡಿಪಾಸಿಟ್ ಕಟ್ಟಿ" ಅಂತಾರೆ. ಕಟ್ಟಿದ ದುಡ್ಡು ಹೋಯ್ತು ಅಂತಲೇ ಲೆಕ್ಕ. ಗುರುತು ಹಿಡಿಯೋದು ಸುಲಭ: ನಿಜವಾದ ದಲ್ಲಾಳಿ ಕೆಲಸದಲ್ಲಿ ಕಂಪನಿ ನಿಮಗೆ ಕೊಡುತ್ತೆ, ನಿಮ್ಮಿಂದ ಕೇಳೋದಿಲ್ಲ. ಸೇರೋಕೆ ದುಡ್ಡು ಅಂದರೆ, ಅಥವಾ ಜನ ಸೇರಿಸಿದರೆ ದುಡ್ಡು ಅಂದರೆ, ಅಲ್ಲೇ ನಿಲ್ಲಿಸಿ. ಜನ ಸೇರಿಸುವ ಪಿರಮಿಡ್ ಯೋಜನೆಗೆ ಭಾರತದಲ್ಲಿ ನಿಷೇಧ ಇದೆ. "ನಿನ್ನ ಬ್ಯಾಂಕ್ ಅಕೌಂಟ್ ಎರಡು ದಿನ ಕೊಡು, ಕಮಿಷನ್ ಕೊಡ್ತೀನಿ" ಅನ್ನೋರಿಗೆ ಸ್ವಂತ ಅಣ್ಣನಾದರೂ ಕೊಡಬೇಡಿ. ಬೇರೆಯವರ ಕಳ್ಳದುಡ್ಡು ನಿಮ್ಮ ಖಾತೆಯಲ್ಲಿ ಹಾದುಹೋದರೆ ಪೊಲೀಸರು ಮೊದಲು ಬರೋದು ನಿಮ್ಮ ಹತ್ತಿರಕ್ಕೆ. ಊರಲ್ಲಿ ಯಾರಾದರೂ ಮೋಸ ಹೋದರೆ ನಾಚಿಕೆ ಪಡದೆ ಆಗಿಂದಾಗಲೇ 1930ಕ್ಕೆ ಫೋನ್ ಮಾಡಲಿ. ತಡ ಮಾಡಿದಷ್ಟೂ ದುಡ್ಡು ದೂರ ಹೋಗುತ್ತೆ.

ಬಿಸಿಲಲ್ಲಿ ಬೆವರು ಸುರಿಸಿ ದುಡಿದ ಕಾಸು ನಮ್ಮದು. ಹೊಸದು ಕಲಿಯೋಣ, ಮನೆಯವರಿಗೂ ಕಲಿಸೋಣ. ಆದರೆ ಅವಸರ ಬೇಡ, ಇಕಾಮಾ ಜೊತೆ ಆಟ ಬೇಡ. ಈ ಕೂಟ ಮುಗಿದ ಮೇಲೆ ಯಾರಿಗಾದರೂ ಪ್ರಶ್ನೆ ಇದ್ದರೆ ಊಟದ ಹೊತ್ತಿಗೆ ಸಿಗ್ತೀನಿ, ಸಂಕೋಚ ಇಲ್ಲದೆ ಕೇಳಿ.  ಜೈ ಕರ್ನಾಟಕ.