ಕೋರ್ಟಿನ ಅಂಗಳದಲ್ಲಿ ಒಂದು ದಿನ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೋರ್ಟಿನ ವಿಷಯವಾಗಿ ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ ನನಗೆ ಮೊದಲು ನೆನಪಾದುದು ನಮ್ಮ ಹಿರಿಯರ ಗಾದೆ: ಗೆದ್ದವನು ಸೋತ, ಸೋತವನು ಸತ್ತ. ಇದನ್ನು ಕೇಳಿ ಬೆಳೆದ ನಾವು ಮಕ್ಕಳಿಗೆ ಆಸ್ಪತ್ರೆ ತೋರಿಸುತ್ತೇವೆ, ಕಾರ್ಖಾನೆ ತೋರಿಸುತ್ತೇವೆ, ಹೈಟೆಕ್ ಸಿಟಿಯ ಕಂಪನಿಗಳನ್ನಂತೂ ದಿನವೂ ತೋರಿಸುತ್ತೇವೆ. ಕೋರ್ಟಿನ ಮೆಟ್ಟಿಲನ್ನು ಮಾತ್ರ ಹತ್ತಗೊಡುವುದಿಲ್ಲ. ವಕೀಲರೂ ಅಲ್ಲದ, ನ್ಯಾಯಾಧೀಶರೂ ಅಲ್ಲದ ಎಷ್ಟೋ ಮಂದಿ ಅಲ್ಲಿ ಮರ್ಯಾದೆಯಿಂದ ಅನ್ನ ಸಂಪಾದಿಸುತ್ತಿದ್ದಾರೆ. ವಕೀಲರ ಗುಮಾಸ್ತರು (ಈ ಊರಿನ ಬಾಯಲ್ಲಿ ಮುನ್ಷಿಗಳು), ದಸ್ತಾವೇಜು ಬರೆಯುವವರು, ಭಾಷಾಂತರಕಾರರು, ಕಂಪನಿಗಳ ಕರಾರುಪತ್ರ ನೋಡಿಕೊಳ್ಳುವವರು, ಹೀಗೆ. ಇವರಿಗೆ ಈಗ ಪ್ಯಾರಾಲೀಗಲ್ ಎಂಬ ಹೊಸ ಹೆಸರು ಬಂದಿದೆ. ಹೆಸರು ಹೊಸದಾದರೂ ಕೆಲಸ ಹಳೆಯದು.

ಈ ಊರಿನ ಹೈಕೋರ್ಟಿಗೂ ನಮಗೂ ಹಳೆಯ ನಂಟು. ಮೂಸಿ ನದಿಯ ದಡದಲ್ಲಿ 1920ರಲ್ಲಿ ತೆರೆದ ಆ ಕೆಂಪು ಕಟ್ಟಡಕ್ಕೆ, 1956ರ ನವೆಂಬರ್ 1ರವರೆಗೆ ಬೀದರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಮೊಕದ್ದಮೆಗಳೂ ಬರುತ್ತಿದ್ದವು. ನಿಜಾಮರ ಕಾಲದಲ್ಲಿ ಅಲ್ಲಿನ ಭಾಷೆ ಉರ್ದು. ರೊಟ್ಟಿಯ ಬುತ್ತಿ ಕಟ್ಟಿಕೊಂಡು ಬಂದ ಕನ್ನಡ ರೈತನಿಗೆ ತನ್ನ ಹೊಲದ ಹಣೆಬರಹ ಏನಾಯಿತೆಂದು ತಿಳಿಸಿ ಹೇಳುವುದಕ್ಕೆ ಎರಡೂ ಭಾಷೆ ಬಲ್ಲವನೊಬ್ಬ ಬೇಕೇ ಬೇಕಾಗಿತ್ತು. ಈಗ ಕಲಬುರಗಿಯಲ್ಲೇ ಕರ್ನಾಟಕ ಹೈಕೋರ್ಟಿನ ಪೀಠವಿದೆ. 2008ರಲ್ಲಿ ಸಂಚಾರಿಯಾಗಿ ಬಂದುದು 2013ರಲ್ಲಿ ಕಾಯಂ ಆಯಿತು.

ನಮ್ಮ ಮನೆಯ ಮಾತೊಂದನ್ನು ಹೇಳುತ್ತೇನೆ. ನಮ್ಮ ದೊಡ್ಡಪ್ಪನವರು ಹೊಲದ ದಾವೆಯಲ್ಲಿ ಸೋತರು. ಜಿಲ್ಲಾ ಕೋರ್ಟಿಗೆ ಅಪೀಲು ಮಾಡಲು 30 ದಿನ ಅವಕಾಶ. ತೀರ್ಪಿನ ನಕಲು ಸಿದ್ಧವಾಗಲು ಹಿಡಿಯುವ ದಿನಗಳನ್ನು ಆ ಲೆಕ್ಕದಿಂದ ಬಿಡುತ್ತಾರೆ, ಸರಿ. ಆದರೆ ನಕಲಿಗೆ ಅರ್ಜಿ ಹಾಕಿದ ಮೇಲಿನ ದಿನಗಳನ್ನು ಮಾತ್ರ! ನಮ್ಮವರು "ನಕಲು ಬರಲಿ, ನೋಡೋಣ" ಎಂದು ಕುಳಿತರು. ಅರ್ಜಿಯನ್ನೇ ಹಾಕಿರಲಿಲ್ಲವೆಂಬುದು ನಲವತ್ತನೆಯ ದಿನ ತಿಳಿಯಿತು. ತಡವಾದುದಕ್ಕೆ ತಕ್ಕ ಕಾರಣವಿದ್ದರೆ ಕೋರ್ಟು ಮನ್ನಿಸುವುದುಂಟು; ನಮ್ಮ ಕಾರಣ ಅದಕ್ಕೆ ಸಾಲಲಿಲ್ಲ. ವಾದ ಮಾಡಲು ದೊಡ್ಡ ವಕೀಲರಿದ್ದರು. ದಿನ ಎಣಿಸುವವನೊಬ್ಬನಿರಲಿಲ್ಲ. ಹೊಲ ಹೋಯಿತು.

ಈ ನೋವು ಮನಸ್ಸಿನಲ್ಲಿದ್ದುದರಿಂದಲೇ ಕಳೆದ ವರ್ಷ ನಮ್ಮವರ ಆರು ಮಂದಿ ಹುಡುಗ ಹುಡುಗಿಯರನ್ನು ಕರೆದುಕೊಂಡು ಹೊರಟೆ. ಮೊದಲು ಪರಿಚಯದ ವಕೀಲರೊಬ್ಬರ ಕಚೇರಿ. ಅಲ್ಲಿನ ಹಿರಿಯ ಗುಮಾಸ್ತರು ತಮ್ಮ ಡೈರಿಯನ್ನು ಬಿಡಿಸಿಟ್ಟರು: ಯಾವ ಕೇಸು ಯಾವ ಕೋರ್ಟಿನಲ್ಲಿ, ಮುಂದಿನ ತಾರೀಖು ಯಾವುದು, ಸಲ್ಲಿಸಿದ ಕಾಗದ ಆಕ್ಷೇಪಣೆಯೊಂದಿಗೆ ಹಿಂದಿರುಗಿದೆಯೋ ಇಲ್ಲವೋ. ಅದೇ ಸಂಗತಿಗಳು ಈಗ ಕಂಪ್ಯೂಟರಿನಲ್ಲೂ ಸಿಕ್ಕುತ್ತವೆ. "ಆದರೂ ಇದನ್ನು ಬಿಡಲಾರೆ," ಎಂದು ಅವರು ನಕ್ಕರು. ನಮ್ಮ ಹುಡುಗನೊಬ್ಬ ಸಂಬಳವೆಷ್ಟೆಂದು ನೇರವಾಗಿ ಕೇಳಿಬಿಟ್ಟ. ನನಗೆ ಸಂಕೋಚವಾಯಿತು, ಅವರಿಗಾಗಲಿಲ್ಲ. ಸಣ್ಣ ವಕೀಲರಲ್ಲಿ ಕಡಮೆ, ದೊಡ್ಡ ಸಂಸ್ಥೆಗಳಲ್ಲಿ ವಾಸಿ, ಹೊಸಬನಿಗೆ ಎಲ್ಲಿಯೂ ಹೆಚ್ಚಿಲ್ಲ ಎಂದರು. ಪುಸ್ತಕದಲ್ಲಿ ಈ ಉತ್ತರ ಸಿಕ್ಕುತ್ತಿತ್ತೆ?

ಅಲ್ಲಿಂದ ಪುರಾನಿ ಹವೇಲಿಯ ಸಿಟಿ ಸಿವಿಲ್ ಕೋರ್ಟಿಗೆ ಹೋದೆವು. ವಿಚಾರಣೆಗಳು ಸಾಮಾನ್ಯವಾಗಿ ಬಹಿರಂಗವಾಗಿಯೇ ನಡೆಯುತ್ತವೆ; ಯಾರು ಬೇಕಾದರೂ ಹಿಂದಿನ ಬೆಂಚಿನಲ್ಲಿ ಕೂರಬಹುದು. ಫೋನು ಬಂದ್ ಮಾಡಿರಬೇಕು, ನ್ಯಾಯಾಧೀಶರು ಬಂದಾಗ ಎದ್ದು ನಿಲ್ಲಬೇಕು. ಬಿಳಿ ಅಂಗಿ, ಕಪ್ಪು ಪ್ಯಾಂಟು ಮಾತ್ರ ಬೇಡ. ನಮ್ಮಲ್ಲೊಬ್ಬ ಹಾಗೆ ಬಂದಿದ್ದ. ಅರ್ಧ ಗಂಟೆಯಲ್ಲಿ ಇಬ್ಬರು ಅವನನ್ನು ವಕೀಲನೆಂದೇ ತಿಳಿದು ಕಷ್ಟ ಹೇಳಿಕೊಂಡರು!

ಕೊನೆಗೆ ಉಚಿತ ಕಾನೂನು ನೆರವಿನ ಕಚೇರಿ. 1987ರ ಕಾಯಿದೆಯಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಅವರ ಆದಾಯ ಕೇಳದೆಯೇ ಇಲ್ಲಿ ವಕೀಲರನ್ನು ಒದಗಿಸುತ್ತಾರೆ. ಈ ಕಚೇರಿಗೂ ಜನಕ್ಕೂ ನಡುವೆ ಸೇತುವೆಯಾಗಲೆಂದು 2009ರಲ್ಲಿ ಪ್ಯಾರಾಲೀಗಲ್ ಸ್ವಯಂಸೇವಕರ ಯೋಜನೆ ಹೊರಟಿತು. ಅಲ್ಲಿ ಕೂಲಿಯ ಹೆಂಗಸೊಬ್ಬಳು ಕಾಗದ ಹಿಡಿದು ನಿಂತಿದ್ದಳು. ತೆಲುಗು ಬಾರದು. ನಮ್ಮ ಹುಡುಗಿಯರು ತಮ್ಮತಮ್ಮಲ್ಲಿ ಮಾತಾಡುವುದನ್ನು ಕೇಳಿ ತಿರುಗಿ ನೋಡಿದಳು.

"ಯವ್ವಾ, ನೀ ಕನ್ನಡದಾಕಿ ಏನು?"

"ಹೌದ್ರೀ ಅಕ್ಕಾ, ಏನಾಗೇದ ಹೇಳ್ರಿ."

ಯಾದಗಿರಿಯ ಕಡೆಯವಳು. ಗಂಡ ಬಿಟ್ಟು ಹೋಗಿ ಎರಡು ವರ್ಷ, ಜೀವನಾಂಶ ಬೇಕು. ಹುಡುಗಿ ಹತ್ತು ನಿಮಿಷ ಅವಳ ಮಾತನ್ನು ತೆಲುಗಿಗೆ, ಅವರ ಮಾತನ್ನು ಕನ್ನಡಕ್ಕೆ ಮಾಡಿದಳು, ಅರ್ಜಿ ಸಿದ್ಧವಾಯಿತು. ಮನೆಯಲ್ಲಿ ಆಡುವ ಕನ್ನಡ ಯಾವ ಉದ್ಯೋಗಕ್ಕೆ ಬಂದೀತೆಂದು ಕೇಳುತ್ತಿದ್ದ ಹುಡುಗಿಯೇ ಅವಳು.

ಇಲ್ಲಿ ಒಂದು ಎಚ್ಚರಿಕೆ ಹೇಳದಿದ್ದರೆ ತಂದೆತಾಯಿಗಳಿಗೆ ಮೋಸಮಾಡಿದಂತಾದೀತು. ಸ್ವಯಂಸೇವೆ ನೌಕರಿಯಲ್ಲ, ಕೆಲಸ ಮಾಡಿದ ದಿನಕ್ಕೆ ಗೌರವಧನವಷ್ಟೆ. ಇನ್ನು ಪ್ಯಾರಾಲೀಗಲ್ ಎಂಬ ಸನದು ನಮ್ಮ ದೇಶದಲ್ಲಿಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥ ಕಡೆ ಡಿಪ್ಲೊಮಾ ಉಂಟು, ಅದರಿಂದ ಕೆಲಸ ಕಲಿಯಲು ಅನುಕೂಲ. ಆದರೆ 1961ರ ಅಡ್ವೊಕೇಟ್ಸ್ ಕಾಯಿದೆಯಂತೆ ವಕೀಲಿ ವೃತ್ತಿ ನಡೆಸುವ ಹಕ್ಕು ಅಡ್ವೊಕೇಟರದೇ. ಇಷ್ಟು ಹಣ ಕಟ್ಟಿ, ಕೋರ್ಟಿನಲ್ಲಿ ಕೆಲಸ ಖಂಡಿತ ಎಂದು ಯಾರಾದರೂ ಜಾಹೀರಾತು ಕೊಟ್ಟರೆ, ಮೊದಲು ಮಗನನ್ನೋ ಮಗಳನ್ನೋ ಕರೆದುಕೊಂಡು ಒಬ್ಬ ಮುನ್ಷಿಯ ಪಕ್ಕ ಒಂದು ದಿನ ಕುಳಿತು ಬನ್ನಿ.

ಆ ಆರು ಮಂದಿಯಲ್ಲಿ ಮೂವರು ಇದು ತಮಗೆ ಒಗ್ಗದೆಂದು ಅಂದೇ ಹೇಳಿದರು. ಅದೂ ಲಾಭವೆಂದೇ ಎಣಿಸುತ್ತೇನೆ. ಇಬ್ಬರು ಇನ್ನೂ ಯೋಚಿಸುತ್ತಿದ್ದಾರೆ. ಆ ಹುಡುಗಿ ವಕೀಲರ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಹಳೆಯ ಕನ್ನಡ ದಸ್ತಾವೇಜುಗಳ ಭಾಷಾಂತರವೂ ಅವಳ ಪಾಲಿಗೆ ಬರುತ್ತಿದೆಯಂತೆ.

ನವೆಂಬರ್ 9 ಕಾನೂನು ಸೇವಾ ದಿನ. ಅದಾದ ಮುಂದಿನ ವಾರ ಇನ್ನೊಂದು ತಂಡವನ್ನು ಕರೆದೊಯ್ಯಬೇಕೆಂದಿದ್ದೇನೆ. ಬರುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಗಳ ಬಳಿ ಹೆಸರು ಬರೆಸಬಹುದು. ಕೋರ್ಟು ಕೂಡುವುದು ಹತ್ತೂವರೆಗೆ. ಹತ್ತು ಗಂಟೆಗೆ ಗೇಟಿನ ಬಳಿ ಇರಬೇಕು. ಬುತ್ತಿ ತನ್ನಿ.