ಹಲ್ಲು ಬೀಳುವ ಹೊತ್ತಿಗೆ ನಾವೆಲ್ಲಿ?



ಆಶಯ ಭಾಷಣಕ್ಕೆ ನನ್ನನ್ನು ಕರೆದದ್ದು ವಯಸ್ಸು ನೋಡಿ ಎಂಬುದು ನನಗೆ ಗೊತ್ತಿದೆ. ಸಂಘಟಕರು ಫೋನಿನಲ್ಲಿ, ‘ಸರ್, ಕನ್ನಡದಲ್ಲೇ ಮಾತಾಡಿ, ಸ್ಲೈಡ್ ಬೇಡ’ ಎಂದರು. ಸ್ಲೈಡಿಲ್ಲದ ದಂತವೈದ್ಯನನ್ನು ನೀವು ಎಷ್ಟು ಹೊತ್ತು ಸಹಿಸುತ್ತೀರೋ ನೋಡೋಣ.

ಮಕ್ಕಳ ದಂತವೈದ್ಯಕೀಯ ಈಚೆಗೆ ಎಲ್ಲೆಲ್ಲಿಗೆ ಬಂದು ನಿಂತಿದೆ ಎಂದು ಹೇಳುವುದು ಇಂಥ ಭಾಷಣದ ವಾಡಿಕೆ. ಅದನ್ನು ನನಗಿಂತ ಬಲ್ಲವರು ಎದುರಿಗೇ ಕೂತಿದ್ದಾರೆ. ಫಾರ್ಮೋಕ್ರೆಸಾಲ್ ಹಿಂದೆ ಸರಿದು ಎಂಟಿಎ ಬಂದ ಕಥೆಯನ್ನು ಮೂರನೇ ಸಾಲಿನಲ್ಲಿರುವ ಮಂಗಳೂರಿನ ಮೇಡಂ ಬಾಯಿಂದಲೇ ಕೇಳಬೇಕು. ಹಾಲುಹಲ್ಲಿನ ಬೇರಿಗೆ ರೋಟರಿ ಫೈಲ್ ಹಾಕುವ ವಿಚಾರದಲ್ಲಿ ಧಾರವಾಡದ ಗೆಳೆಯರಿಗೂ ನನಗೂ ಇರುವ ಜಗಳ ಹಳೆಯದು. ಊಟದ ಹೊತ್ತಿಗೆ ಮುಂದುವರಿಯುತ್ತದೆ. ಸಿಲ್ವರ್ ಡೈಅಮೈನ್ ಫ್ಲೋರೈಡ್ 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ಹಲ್ಲು ಕಪ್ಪಾಗುತ್ತದೆ ಎಂದು ಮೂಗು ಮುರಿದವರೇ ಈಗ ಅದರ ಮೇಲೆ ಕಾರ್ಯಾಗಾರ ನಡೆಸುತ್ತಿದ್ದಾರೆ, ಸಂತೋಷ. ಸಮೀಕ್ಷೆ ಇಲ್ಲಿಗೆ ಮುಗಿಯಿತು.

ನನ್ನ ತಕರಾರು ಬೇರೆ. ನನ್ನನ್ನು ಬಲ್ಲವರು ಆಗಲೇ ನಗುತ್ತಿದ್ದಾರೆ, ‘ಮತ್ತೆ ಅದೇ ಶುರುವಾಯಿತು’ ಎಂದು. ಹೌದು, ಅದೇ.

ಹಾಲುಹಲ್ಲು ಬೀಳಲಿಕ್ಕೆಂದೇ ಹುಟ್ಟುವ ಹಲ್ಲು. ಮೊದಲನೆಯದು ಆರನೇ ತಿಂಗಳ ಸುಮಾರಿಗೆ ಬರುತ್ತದೆ, ಎರಡೂವರೆ–ಮೂರು ವರ್ಷಕ್ಕೆ ಇಪ್ಪತ್ತೂ ತುಂಬುತ್ತವೆ. ಹಿಂದಿನ ದವಡೆ ಹಲ್ಲು ಬೀಳುವುದು ಹತ್ತರಿಂದ ಹನ್ನೆರಡರ ನಡುವೆ. ಐದು ವರ್ಷದ ಮಗುವಿನ ಹುಳುಕು ದವಡೆ ಹಲ್ಲಿಗೆ ಪಲ್ಪೆಕ್ಟಮಿ ಮಾಡಿ ಸ್ಟೀಲ್ ಕ್ರೌನ್ ಹಾಕಿ ಕಳಿಸುತ್ತೇವೆ. ನಾವು ಮಾಡಿದ್ದು ಸರಿಯಿತ್ತೇ ಎಂದು ಯಾವಾಗ ತಿಳಿಯುತ್ತದೆ? ಆ ಹಲ್ಲು ಅವಧಿಗೆ ಮುಂಚೆ ಹೋದರೆ ಜಾಗ ಕಿರಿದಾಗುತ್ತದೆ. ಅವಧಿ ಮೀರಿ ಕೂತರೆ ಕೆಳಗಿನ ಹಲ್ಲು ದಾರಿ ತಪ್ಪುತ್ತದೆ. ಒಳಗೆ ತುಂಬಿದ ಜಿಂಕ್ ಆಕ್ಸೈಡ್ ಬೇರಿನಷ್ಟೇ ವೇಗವಾಗಿ ಕರಗದೆ ಉಳಿದಿರಬಹುದು. ಬೇರಿನ ಸೋಂಕು ಅಡಿಯಲ್ಲಿದ್ದ ಹಲ್ಲಿನ ಮೊಳಕೆಗೆ ತಗುಲಿದ್ದರೆ, ಹೊಸ ಹಲ್ಲು ಕಂದು ಮಚ್ಚೆ ಹೊತ್ತುಕೊಂಡೇ ಹೊರಗೆ ಬರುತ್ತದೆ. ಇದನ್ನೆಲ್ಲ ನೋಡಲು ಐದಾರು ವರ್ಷ ಬೇಕು. ಎಂಡಿಎಸ್ ಮೂರೇ ವರ್ಷ.

ತಾನು ಚಿಕಿತ್ಸೆ ಮಾಡಿದ ಹಾಲುಹಲ್ಲು ಬಿದ್ದದ್ದನ್ನು ಒಮ್ಮೆಯೂ ಕಾಣದೆ ಒಬ್ಬರು ಈ ವಿಷಯದಲ್ಲಿ ತಜ್ಞರಾಗುವುದು ಹೇಗೆ? ನನ್ನ ಪ್ರಶ್ನೆ ಇಷ್ಟೇ.

ಮೂರು ವರ್ಷವೂ ಕೈಗೆ ಪೂರ್ತಿ ಸಿಗುವುದಿಲ್ಲ. ಸೇರಿದ ಆರು ತಿಂಗಳೊಳಗೆ ಸಿನಾಪ್ಸಿಸ್ ಕೊಡಬೇಕು, ಕೊನೆಯ ಪರೀಕ್ಷೆಗೆ ಆರು ತಿಂಗಳ ಮುಂಚೆ ಪ್ರಬಂಧ ಒಪ್ಪಿಸಬೇಕು. ನಡುವೆ ಎಥಿಕ್ಸ್ ಸಮಿತಿ, ಮಕ್ಕಳನ್ನು ಹೊಂದಿಸುವುದು, ಅಂಕಿಅಂಶದವರ ಹಿಂದೆ ಅಲೆಯುವುದು, ಬೈಂಡಿಂಗ್. ಉಳಿಯುವ ಅವಧಿಯಲ್ಲಿ ಆರು ತಿಂಗಳದೋ, ಹೆಚ್ಚೆಂದರೆ ವರ್ಷದ್ದೋ ಫಾಲೋ-ಅಪ್ ಆಗುತ್ತದೆ. ಆದ್ದರಿಂದ ನಮ್ಮ ಪ್ರಬಂಧಗಳಲ್ಲಿ ಬೇರಿಗೆ ತುಂಬುವ ಎಲ್ಲ ಪೇಸ್ಟುಗಳೂ ಗೆಲ್ಲುತ್ತವೆ. ವರ್ಷದೊಳಗೆ ಸೋಲುವಷ್ಟು ಕೆಟ್ಟ ಪೇಸ್ಟನ್ನು ಯಾವ ಕಂಪನಿಯೂ ಮಾರುವುದಿಲ್ಲ.

ಹಾಗಾದರೆ ಕೋರ್ಸನ್ನೇ ಹಿಗ್ಗಿಸೋಣ ಎಂದರೆ ಅದೂ ಉತ್ತರವಲ್ಲ. ಅಮೆರಿಕದಲ್ಲಿ ಈ ರೆಸಿಡೆನ್ಸಿಗೆ ಕನಿಷ್ಠ 24 ತಿಂಗಳು, ನಮಗಿಂತ ಕಡಿಮೆ. ಆರು ವರ್ಷದ ಎಂಡಿಎಸ್ ಮಾಡಿದರೆ ಯಾವ ತಂದೆತಾಯಿ ಮಗಳನ್ನು ಕಳಿಸುತ್ತಾರೆ, ಯಾವ ಬ್ಯಾಂಕು ಸಾಲ ಕೊಡುತ್ತದೆ?

ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಓಪಿಡಿಗೆ ಒಮ್ಮೆ ಚಿತ್ರದುರ್ಗದ ಕಡೆಯ ಅಜ್ಜಿಯೊಬ್ಬರು ಮೊಮ್ಮಗನನ್ನು ಕರೆದುಕೊಂಡು ಬಂದರು. ಹುಡುಗನಿಗೆ ನೋವಿಲ್ಲ, ಬಾವಿಲ್ಲ. ಅಜ್ಜಿ ಸೆರಗಿನ ಗಂಟು ಬಿಚ್ಚಿ, ಬಿದ್ದ ಹಲ್ಲೊಂದನ್ನು ಮೇಜಿನ ಮೇಲಿಟ್ಟರು. ಕ್ರೌನ್ ಇನ್ನೂ ಮೇಲೆ ಕೂತೇ ಇತ್ತು. ‘ಡಾಕ್ಟ್ರೇ, ಸಗಣಿ ಉಂಡ್ಯಾಗ ಇಟ್ಟು ಹೆಂಚಿನ ಮ್ಯಾಲೆ ಎಸೀಬೇಕಂತ ಹೊಂಟಿದ್ದೆ. ಬೆಳ್ಳಿ ಐತಲ್ಲ, ಹೆಂಗ್ ಎಸೀಲಿ?’ ಬೆಳ್ಳಿಯಲ್ಲ ಅಜ್ಜಿ, ಸ್ಟೀಲು ಎಂದೆ. ಅವರ ಮುಖ ಸಪ್ಪಗಾಯಿತು. ನಾನು ಮಾತ್ರ ಆ ಹಲ್ಲನ್ನು ಕೆಳಗಿಡಲಿಲ್ಲ. ಬೇರು ಪೂರ್ತಿ ಕರಗಿತ್ತು. ಹುಡುಗನ ಬಾಯಲ್ಲಿ ಅದೇ ಜಾಗದಿಂದ ಹೊಸ ಹಲ್ಲಿನ ತುದಿ ನೆಟ್ಟಗೆ ಇಣುಕುತ್ತಿತ್ತು. ನಮ್ಮ ವಿಭಾಗದ ಲೈಬ್ರರಿಯಲ್ಲಿರುವ ಯಾವ ಪ್ರಬಂಧದಲ್ಲೂ ಇಲ್ಲದ ಫಲಿತಾಂಶ ಅಜ್ಜಿಯ ಸೆರಗಿನಲ್ಲಿತ್ತು. ಕೇಸ್ ಶೀಟ್ ತೆಗೆಸಿದೆ. ಚಿಕಿತ್ಸೆ ಮಾಡಿದ ವಿದ್ಯಾರ್ಥಿನಿ ಅಷ್ಟರಲ್ಲಿ ಕೊಲ್ಲಿ ದೇಶದಲ್ಲಿ ಕೆಲಸಕ್ಕಿದ್ದಳು. ಫೋಟೊ ಕಳಿಸಿದೆ. ರಾತ್ರಿ ಉತ್ತರ ಬಂತು: ‘ಸೂಪರ್ ಸರ್! ಯಾವ ಮಗು?’

ಅವಳನ್ನು ದೂರುತ್ತಿಲ್ಲ. ಮರೆಯುವಂತೆಯೇ ನಾವು ಕಲಿಸಿದ್ದು. ಲಾಗ್‌ಬುಕ್ಕಿನಲ್ಲಿ ಎಷ್ಟು ಪಲ್ಪೆಕ್ಟಮಿ, ಎಷ್ಟು ಕ್ರೌನ್, ಎಷ್ಟು ಸ್ಪೇಸ್ ಮೇಂಟೇನರ್ ಎಂದು ಬರೆಯಲು ಕಾಲಂ ಇದೆ. ಎಷ್ಟು ಮಕ್ಕಳು ಎರಡನೇ ವರ್ಷವೂ ಹುಡುಕಿಕೊಂಡು ಬಂದರು ಎಂಬುದಕ್ಕೆ ಇಲ್ಲ. ಫ್ರಾಂಕಲ್ 1962ರಲ್ಲಿ ಕೊಟ್ಟ, ವರ್ತನೆಯ ನಾಲ್ಕು ದರ್ಜೆಯ ಅಳತೆಗೋಲನ್ನು ನಾವು ಮಗು ಕಿರುಚಿದ ಮೊದಲ ದಿನವೇ ತುಂಬಿಸಿ ಫೈಲ್ ಮುಚ್ಚುತ್ತೇವೆ. ಅದೇ ಮಗು ಮೂರು ವರ್ಷದ ಮೇಲೆ ತಾನೇ ಚೇರು ಹತ್ತಿ ಕೂರುತ್ತದೆಯೇ? ವರ್ತನಾ ನಿರ್ವಹಣೆಯ ನಿಜವಾದ ಪರೀಕ್ಷೆ ಅದಲ್ಲವೇ?

ನಮ್ಮ ಕ್ಷೇತ್ರದಲ್ಲಿ ನಿಂತ ನೀರಿಗೆ ಕಲ್ಲೆಸೆದವರು ಯಾರು ನೋಡಿ. ಸ್ಕಾಟ್ಲೆಂಡಿನ ನಾರ್ನಾ ಹಾಲ್ ತಜ್ಞೆಯಲ್ಲ, ಸಾಮಾನ್ಯ ದಂತವೈದ್ಯೆ. ಹುಳುಕು ಕೊರೆಯದೆ, ಇಂಜೆಕ್ಷನ್ ಕೊಡದೆ, ಹಲ್ಲಿನ ಮೇಲೆ ಕ್ರೌನ್ ಒತ್ತಿ ಅಂಟಿಸುತ್ತಿದ್ದರು. ನಮ್ಮ ವೈವಾದಲ್ಲಿ ಹೇಳಿದ್ದರೆ ಅಲ್ಲೇ ಫೇಲು. ಆದರೆ ಅವರು ವರ್ಷಗಟ್ಟಲೆ ಅದೇ ಮಕ್ಕಳನ್ನು ನೋಡುತ್ತ, ದಾಖಲೆ ಇಡುತ್ತ ಬಂದಿದ್ದರು. ಡಂಡೀ ವಿಶ್ವವಿದ್ಯಾಲಯದವರು ಆ ದಾಖಲೆಗಳನ್ನು ಜಾಲಾಡಿ 2006ರಲ್ಲಿ ಪ್ರಕಟಿಸಿದರು. ಸಾವಿರಕ್ಕೆ ಹತ್ತಿರದಷ್ಟು ಕ್ರೌನುಗಳು. ಈಗ ಹಾಲ್ ತಂತ್ರ ಪಠ್ಯದಲ್ಲಿದೆ. ಪಲ್ಪೆಕ್ಟಮಿಯಾದ ಹಲ್ಲನ್ನು ಅದು ಬೀಳುವವರೆಗೂ ಬೆನ್ನುಹತ್ತಿ 1996ರಲ್ಲಿ ಬರೆದ ಕಾಲ್ ಮತ್ತು ಸಾದ್ರಿಯಾನ್ ಅವರ ಲೇಖನವನ್ನು ನಾವೆಲ್ಲ ಉಲ್ಲೇಖಿಸುತ್ತೇವೆ. ಅಂಥದ್ದೊಂದನ್ನು ಇಲ್ಲಿ ಮಾಡಬೇಕು ಎಂದರೆ ಮಾತ್ರ ಎಲ್ಲರೂ ಗಡಿಯಾರ ನೋಡುತ್ತಾರೆ.

ತಡೆಗಟ್ಟುವಿಕೆಯ ಕಥೆಯೂ ಇಷ್ಟೇ. ಮಿಷಿಗನ್‌ನ ಗ್ರ್ಯಾಂಡ್ ರಾಪಿಡ್ಸ್‌ನಲ್ಲಿ 1945ರಲ್ಲಿ ಕುಡಿಯುವ ನೀರಿಗೆ ಫ್ಲೋರೈಡ್ ಸೇರಿಸಿದವರು 15 ವರ್ಷ ಕಾಯುವ ಲೆಕ್ಕ ಹಾಕಿಕೊಂಡೇ ಶುರುಮಾಡಿದ್ದರು. ನಮ್ಮ ಪಿ.ಜಿ.ಗಳು ಆ ವರ್ಷವನ್ನು ಬಾಯಿಪಾಠ ಒಪ್ಪಿಸಿ, ಪಾವಗಡದಲ್ಲೋ ಮುಂಡರಗಿಯಲ್ಲೋ ಒಂದು ದಿನದ ಕ್ಯಾಂಪ್ ಮಾಡಿ, ಪೇಸ್ಟಿನ ಟ್ಯೂಬ್ ಹಂಚಿ ಸಂಜೆಗೆ ಬಸ್ಸು ಹತ್ತುತ್ತಾರೆ. ಆ ಸೀಮೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂನ ಮಿತಿ ದಾಟಿರುವುದು ಹೊಸ ಸಂಗತಿಯೇನಲ್ಲ. ಶಾಲೆಯ ಮೊದಲ ಬೆಂಚಿನ ಮಕ್ಕಳು ನಕ್ಕರೆ ಸಾಕು, ತಿಳಿಯುತ್ತದೆ. ಯಾವ ವಯಸ್ಸಿನ ಮಗುವಿಗೆ ಅಲ್ಲಿ ಎಷ್ಟು ಪೇಸ್ಟು, ನೀರು ಎಲ್ಲಿಯದು ಎಂದು ಹೇಳಬೇಕಾದವರು ಆ ಊರಿಗೆ ಮತ್ತೆ ಮತ್ತೆ ಹೋಗಬೇಕು. ಹೋಗುವುದಿಲ್ಲ. ಬ್ಯಾನರಿನ ಫೋಟೊ ಮಾತ್ರ ವಿಭಾಗದ ಗೋಡೆಗೆ ಬರುತ್ತದೆ.

ನನ್ನ ಹಳೆಯ ಸಲಹೆಯೊಂದಿದೆ. ಹೋಗುವ ಪಿ.ಜಿ. ತನ್ನ ಮಕ್ಕಳ ಪಟ್ಟಿಯನ್ನು ಬರುವ ಪಿ.ಜಿ.ಗೆ ಒಪ್ಪಿಸಿ ಹೋಗಲಿ. ಕೊನೆಯ ಪರೀಕ್ಷೆಯಲ್ಲಿ ಒಂದು ಕೇಸು ಕಡ್ಡಾಯವಾಗಿ ಸೀನಿಯರ್ ಚಿಕಿತ್ಸೆ ಮಾಡಿದ ಮಗುವಿನದಾಗಿರಲಿ. ಆ ಕೆಲಸದಲ್ಲಿ ಯಾವುದು ಉಳಿಯಿತು, ಯಾವುದು ಕೆಟ್ಟಿತು, ಏಕೆ ಎಂದು ವಿದ್ಯಾರ್ಥಿ ಎಕ್ಸ್‌ಟರ್ನಲ್ ಮುಂದೆ ವಾದಿಸಲಿ. 1948ರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ಬಂದಿದೆ. ನಿಯಮಗಳಿಗೆ ಹೊಸದಾಗಿ ಕೈಹಾಕುವ ಕಾಲ ಇದು. ವೇದಿಕೆಯ ಮೇಲಿರುವ ಕುಲಪತಿಗಳು ಏನೋ ಬರೆದುಕೊಳ್ಳುತ್ತಿದ್ದಾರೆ, ಇದನ್ನೇ ಎಂದು ಭಾವಿಸುತ್ತೇನೆ.

ಈ ಸಲಹೆಗೆ ಬಲವಾದ ಆಕ್ಷೇಪ ಬಂದದ್ದು ಪ್ರಾಧ್ಯಾಪಕರಿಂದಲ್ಲ, ಒಬ್ಬ ಪಿ.ಜಿ. ಹುಡುಗನಿಂದ. ‘ಸರ್, ನನ್ನ ಪಟ್ಟಿಯ ಮಕ್ಕಳಲ್ಲಿ ಅರ್ಧ ಕಟ್ಟಡ ಕೆಲಸದವರ ಮಕ್ಕಳು. ಯಾದಗಿರಿಯಿಂದ ಬಂದವರು ಯುಗಾದಿಗೆ ಊರಿಗೆ ಹೋದರೆ ಮತ್ತೆ ಇದೇ ಸೈಟಿಗೆ ಬರ್ತಾರೆ ಅಂತಿಲ್ಲ. ಸಿಮ್ ಬದಲಾಗಿರುತ್ತೆ. ಬಂದ ದಿನ ಒಂದು ಕೂಲಿ ಹೋಗುತ್ತೆ, ಅದೂ ಹಲ್ಲು ನೋಯದಿರುವಾಗ. ಆ ಮಗು ಬರದೆ ಹೋದರೆ ಫೇಲಾಗೋದು ನಾನಾ?’ ಬಸ್ ಚಾರ್ಜು ಕೊಡೋಣ ಎಂದೆ. ‘ಕೂಲಿ?’ ಎಂದ. ಪಕ್ಕದ ಶಾಲೆಯ ಮಕ್ಕಳನ್ನಷ್ಟೇ ತೆಗೆದುಕೊಳ್ಳೋಣ ಎಂದೆ. ‘ಆಗ ನಮ್ಮ ಫಲಿತಾಂಶವೆಲ್ಲ ಒಂದೇ ಊರಲ್ಲಿ ಉಳಿಯುವವರ ಮಕ್ಕಳದ್ದಾಗುತ್ತೆ, ಹುಳುಕು ಜಾಸ್ತಿ ಇರೋದು ಆ ಇನ್ನೊಂದು ಗುಂಪಿನಲ್ಲಿ’ ಎಂದ. ಅವನು ಹೇಳಿದ್ದು ಸರಿ. ಆ ಹುಡುಗ ಈಗ ಇಲ್ಲೇ ಹಿಂದಿನ ಸಾಲಿನಲ್ಲಿದ್ದಾನೆ, ಅಸಿಸ್ಟೆಂಟ್ ಪ್ರೊಫೆಸರ್. ಅವನಿಗೆ ಕೊಡಲು ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಮೊದಲ ಗೋಷ್ಠಿಯ ಅಧ್ಯಕ್ಷರು ರೋಟರಿ ಫೈಲುಗಳಿಗೆ ಹೋಗುವ ಮುಂಚೆ ಅವನನ್ನು ಒಮ್ಮೆ ಮೈಕಿನ ಹತ್ತಿರ ಕರೆಯಬೇಕೆಂದು ಕೇಳಿಕೊಂಡು, ಸಂಕಿರಣವನ್ನು ಉದ್ಘಾಟಿಸಿದ್ದೇನೆ.